ಸರ್ವಮಂಗಳಾ ಮೇಡಂ ಎಣಿಸಿದ ಬೋಲ್ಟುಗಳು

ನಾನು ಅವರನ್ನು ಮೊದಲು ನೋಡಿದ್ದು ೨೦೦೨ನೇ ಇಸವಿಯ ಜೂನ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ. ಜೆ.ಪಿ. ನಗರದ ಎರಡನೇ ಹಂತದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಆಫೀಸು, ಕೆಳಗೆ ಮೆಟ್ಟಿಲ ಬುಡದಲ್ಲಿ ಅದರ ಟೆಲಿಫೋನ್ ಮೇಜು. ಹೊರಗಿನ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದವನಿಗೆ ಬೂಟು ಬಿಚ್ಚಬೇಕೋ ಹಾಕಿಕೊಂಡೇ ಒಳಗೆ ಹೋಗಬೇಕೋ ತಿಳಿಯಲಿಲ್ಲ. ಗೋಡೆಗೆ ಒತ್ತಿ ಒಂದು ಜೊತೆ ಕಂದು ಬಣ್ಣದ ಹೆಂಗಸರ ಚಪ್ಪಲಿ ಇತ್ತು. ಅದನ್ನು ನೋಡಿ ನಾನೂ ಬೂಟು ಬಿಚ್ಚಿ, ಕಾಲುಚೀಲವನ್ನು ಅದರೊಳಗೆ ತುರುಕಿ, ಸರ್ಟಿಫಿಕೇಟುಗಳ ಫೈಲು ಹಿಡಿದು ಒಳಗೆ ಹೋದೆ.

ಉದ್ದನೆಯ ಕೋಣೆ. ನಾಲ್ಕು ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದಿಕೆಯೊಳಗಿದ್ದವು. ಕಿಟಕಿಯ ಪಕ್ಕದಲ್ಲಿ ಒಂದು ಹಳೆಯ ಡ್ರಾಯಿಂಗ್ ಬೋರ್ಡು, ಅದರ ಮುಂದೆ ಎತ್ತರದ ಸ್ಟೂಲಿನ ಮೇಲೆ ನಲವತ್ತು ದಾಟಿದ ಒಬ್ಬ ಹೆಂಗಸು. ಹಸಿರು ಅಂಚಿನ ಕಾಟನ್ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಕೆಂಪು ಪೆನ್ಸಿಲ್. ಬೋರ್ಡಿನ ಮೇಲೆ ಹರಡಿದ್ದ ಹಾಳೆಯ ಮೇಲೆ ಚುಕ್ಕೆ ಇಡುತ್ತ ಎಣಿಸುತ್ತಿದ್ದರು. ನಾನು "ಮೇಡಂ" ಅಂದದ್ದಕ್ಕೆ ತಿರುಗಿ ನೋಡದೆ ಎಡಗೈಯ ತೋರುಬೆರಳನ್ನು ಮೇಲೆತ್ತಿದರು. ನಿಂತೆ. ಐವತ್ತೆಂಟರಿಂದ ತೊಂಬತ್ತಾರರವರೆಗೆ ನಾನೂ ಕೇಳಿಸಿಕೊಂಡೆ. ತೊಂಬತ್ತಾರನ್ನು ಹಾಳೆಯ ಮೂಲೆಯಲ್ಲಿ ಬರೆದು, ಸುತ್ತ ಒಂದು ಗೆರೆ ಎಳೆದ ಮೇಲೆ ಅವರು ನನ್ನ ಕಡೆ ತಿರುಗಿದರು.

"ಯಾರು ಬೇಕಿತ್ತು?"

"ನಾ ಸಂಗಮೇಶ್ ಅಂತ್ರಿ. ಇವತ್ತಿಂದ ಕೆಲಸಕ್ಕ ಬಾ ಅಂದಾರ್ರಿ."

"ಹೊಸ ಡಿಸೈನರ್ರಾ? ಮೊದ್ಲೇ ಹೇಳೋದಲ್ವಾ, ಅಷ್ಟೊತ್ತಿಂದ ನಿಂತಿದೀರಲ್ಲ."

"ನೀವ ಬೆರಳ ಎತ್ತಿದ್ರಿ."

ಅವರು ತಮ್ಮ ಬೆರಳನ್ನು ತಾವೇ ಒಮ್ಮೆ ನೋಡಿಕೊಂಡರು. "ನಡುವೆ ಮಾತಾಡಿದ್ರೆ ಮತ್ತೆ ಒಂದರಿಂದ ಶುರು ಮಾಡ್ಬೇಕು. ಅದಕ್ಕೆ. ಕೂತ್ಕೊಳ್ಳಿ. ಇಲ್ಲಿ ಬೂಟು ಬಿಚ್ಚಬೇಕು ಅಂತೇನಿಲ್ಲ, ನಂದು ಕಾಲು ಬೆವರುತ್ತೆ ಅಂತ ಬಿಟ್ಟಿದೀನಿ ಅಷ್ಟೆ."

ಅವರೇ ಸರ್ವಮಂಗಳಾ. ನಾನು ರೋಣ ತಾಲ್ಲೂಕಿನ ಹಳ್ಳಿಯವನು, ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲಿಗ. ಇಂಜಿನಿಯರಿಂಗ್ ಮುಗಿದ ಮೇಲೆ ಜಯನಗರ ನಾಲ್ಕನೇ ಬ್ಲಾಕಿನ ಒಂದು ತರಬೇತಿ ಕೇಂದ್ರದಲ್ಲಿ ಮೂರು ತಿಂಗಳು, ಕಂಪ್ಯೂಟರಿನಲ್ಲಿ ಯಂತ್ರದ ಭಾಗಗಳನ್ನು ಮೂರು ಆಯಾಮದಲ್ಲಿ ರಚಿಸಿ ಜೋಡಿಸುವುದನ್ನು ಕಲಿತಿದ್ದೆ. ಬಿ.ಟಿ.ಎಂ. ಲೇಔಟಿನಲ್ಲಿ ಊರ ಕಡೆಯ ಇನ್ನೂ ಮೂವರ ಜೊತೆ ರೂಮು ಮಾಡಿಕೊಂಡಿದ್ದೆ. ನನಗೆ ಕೆಲಸ ಕೊಟ್ಟವರು ಚಕ್ರಪಾಣಿ ಎಂಬ ಹಿರಿಯ ಇಂಜಿನಿಯರು. ಬಾಟಲಿ ತುಂಬಿಸುವ, ಮುಚ್ಚಳ ಹಾಕುವ, ಪೊಟ್ಟಣ ಕಟ್ಟುವ ಯಂತ್ರಗಳನ್ನು ಅವರ ಆಫೀಸು ವಿನ್ಯಾಸ ಮಾಡುತ್ತಿತ್ತು. ಯಂತ್ರಗಳು ತಯಾರಾಗುತ್ತಿದ್ದದ್ದು ಬೊಮ್ಮನಹಳ್ಳಿಯಲ್ಲಿದ್ದ ಅವರದೇ ಶೆಡ್ಡಿನಲ್ಲಿ.

ಸರ್ವಮಂಗಳಾ ಎಸ್ಸೆಸ್ಸೆಲ್ಸಿ ಆದ ಮೇಲೆ ಡ್ರಾಫ್ಟ್ಸ್‌ಮನ್ ಕೋರ್ಸು ಮಾಡಿ, ೧೯೮೧ರಲ್ಲಿ ಒಂದು ಕಾರ್ಖಾನೆಯ ಡ್ರಾಯಿಂಗ್ ಹಾಲಿಗೆ ಟ್ರೇಸರ್ ಆಗಿ ಸೇರಿದ್ದರಂತೆ. ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಕಿ ಇಂಕಿನಲ್ಲಿ ತಿದ್ದುವ ಕೆಲಸ. ಆ ಹಾಲಿನಲ್ಲಿ ಒಂದು ಪದ್ಧತಿ ಇತ್ತು. ಬೋಲ್ಟುಗಳನ್ನು ಯಾವಾಗಲೂ ಕೊನೆಗೆ, ಒಂದೇ ಪಟ್ಟಿಗೆ ಕೂತು, ರಂಧ್ರಗಳನ್ನು ಎಣಿಸಿಕೊಂಡು ಬರೆಯಬೇಕು. ಎಣಿಕೆ ಮುಗಿಯುವವರೆಗೆ ಟ್ರೇಸರನ್ನು ಯಾರೂ ಮಾತಾಡಿಸುವ ಹಾಗಿಲ್ಲ, ಸೂಪರ್‌ವೈಸರ್ ಕೂಡ. ಎಂಬತ್ತೆಂಟರಲ್ಲಿ ಚಕ್ರಪಾಣಿಯವರ ಆಫೀಸಿಗೆ ಬಂದಾಗ ಅವರು ಆ ಪದ್ಧತಿಯನ್ನೂ ಜೊತೆಗೆ ತಂದರು.

ನಾನು ಸೇರಿದ ಎರಡನೇ ವಾರ ಚಕ್ರಪಾಣಿ ನಮ್ಮಿಬ್ಬರನ್ನೂ ಕರೆದರು. ಗಿರಾಕಿಗಳೆಲ್ಲ ಇನ್ನು ಮೂರು ಆಯಾಮದ ಮಾದರಿಯನ್ನೇ ಕೇಳುತ್ತಿದ್ದಾರೆ, ಬೋರ್ಡಿಗೆ ಕೆಲಸ ಉಳಿದಿಲ್ಲ ಎಂದರು. ಆಮೇಲೆ ಸರ್ವಮಂಗಳಾ ಅವರ ಮುಖ ನೋಡದೆ, ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಆ ಕಡೆ ಈ ಕಡೆ ಮಾಡುತ್ತ ಹೇಳಿದರು.

"ಸಂಗಮೇಶ್ ನಿಮಗೆ ಹೇಳಿಕೊಡ್ತಾರೆ. ದೀಪಾವಳಿವರೆಗೆ ನೋಡೋಣ. ಕೈ ಹತ್ತಲಿಲ್ಲ ಅಂದ್ರೆ ಏನೂ ಯೋಚನೆ ಮಾಡ್ಬೇಡಿ, ಕೆಳಗೆ ಟೆಲಿಫೋನ್ ಹತ್ರ ಒಬ್ರು ಬೇಕೇ ಬೇಕು."

"ಆಯ್ತು ಸಾರ್" ಅಂದರು ಅವರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಟೆಲಿಫೋನ್ ಹತ್ರ ಕೂತ್ಕೊಳ್ಳೋದು ಕೀಳು ಕೆಲಸ ಅಲ್ಲ ಸಂಗಮೇಶ್. ಆದ್ರೆ ಇಪ್ಪತ್ತೊಂದು ವರ್ಷದಿಂದ ಯಾರು ಕೇಳಿದ್ರೂ ಡ್ರಾಯಿಂಗ್ ಆಫೀಸಲ್ಲಿದೀನಿ ಅಂತಾನೇ ಹೇಳಿದೀನಿ. ವಸಂತಪುರದಲ್ಲಿ ನಮ್ಮ ಬೀದೀಲಿ ಎಲ್ರಿಗೂ ನಾನು ಡ್ರಾಯಿಂಗ್ ಮೇಡಮ್ಮೇ. ಈಗ ಹೋಗಿ ಏನು ಹೇಳ್ಲಿ?"

ಕಲಿಸಲು ಶುರು ಮಾಡಿದೆ. ದಿನಾ ಬೆಳಿಗ್ಗೆ ಅವರು ಸಾರಕ್ಕಿಯಲ್ಲಿ ಬಸ್ಸಿಳಿದು ನಡೆದುಬಂದು, ಎಲ್ಲರಿಗಿಂತ ಮೊದಲು ಕಂಪ್ಯೂಟರಿನ ಹೊದಿಕೆ ತೆಗೆದು ಕಾಯುತ್ತಿದ್ದರು. ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ತೊಂದರೆ ಇದ್ದದ್ದು ಬುದ್ಧಿಯಲ್ಲಿ ಅಲ್ಲ, ತಲೆಸುತ್ತಿನಲ್ಲಿ. ಮಾದರಿಯನ್ನು ಪರದೆಯ ಮೇಲೆ ತಿರುಗಿಸಿದ ಕೂಡಲೇ ಅವರಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಮೇಜು ಹಿಡಿದುಕೊಂಡು, "ನಿಲ್ಸಿ, ನಿಲ್ಸಿ, ನಿಮ್ಮ ಯಂತ್ರ ರಂಕಲ್ ರಾಟ್ನ ಆಡ್ತಿದೆ" ಅನ್ನುತ್ತಿದ್ದರು. ಎದುರು, ಮೇಲು, ಪಕ್ಕ ಎಂಬ ಮೂರು ನೋಟಗಳಲ್ಲಿ ಇಪ್ಪತ್ತು ವರ್ಷ ಕಳೆದವರು ಅವರು. ನಾನು ಒಂದು ದಿನದಲ್ಲಿ ಮಾಡುವ ಬ್ರ್ಯಾಕೆಟ್ಟಿಗೆ ಅವರಿಗೆ ನಾಲ್ಕು ದಿನ ಹಿಡಿಯಿತು. ಚಕ್ರಪಾಣಿ ಹಿಂದೆ ಬಂದು ನಿಂತು, ನೋಡಿ, ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ಹೋದರು.

ಆಗಸ್ಟಿನಲ್ಲಿ ನಾನೇ ಒಂದು ಸಲಹೆ ಕೊಟ್ಟೆ. ಭಾಗಗಳನ್ನು ನಾವು ಹುಡುಗರು ಮಾಡುತ್ತೇವೆ, ಬೋಲ್ಟು, ನಟ್ಟು, ವಾಷರುಗಳನ್ನು ಮೇಡಂ ನೋಡಿಕೊಳ್ಳಲಿ ಎಂದೆ. ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಬೋಲ್ಟು ಹಾಕುವುದು ಯಾರಿಗೂ ಬೇಡದ ಕೆಲಸ. ಒಂದೊಂದನ್ನೂ ರಂಧ್ರದ ನಡುವಿಗೆ ಹೊಂದಿಸಿ, ತಲೆಯನ್ನು ತಗಡಿಗೆ ಕೂರಿಸಿ, ಹಿಂದೆ ವಾಷರು ನಟ್ಟು ಸೇರಿಸಬೇಕು. ಹೀಗೆ ನೂರಾರು.

ಅವರು ಮೊದಲು ಮಾಡಿದ ಕೆಲಸ, ಸರ್ವರಿನಲ್ಲಿ ಇದ್ದ ಬೋಲ್ಟುಗಳನ್ನೆಲ್ಲ ತೆರೆದು ನೋಡಿದ್ದು. ಎಂಟು ಮಿಲಿಮೀಟರ್ ದಪ್ಪ, ಇಪ್ಪತ್ತೈದು ಉದ್ದದ ಒಂದೇ ಬೋಲ್ಟಿಗೆ ಹದಿನೇಳು ಫೈಲುಗಳಿದ್ದವು. ಪ್ರತಿಯೊಬ್ಬರೂ ತಮಗೆ ಬೇಕಾದಾಗ ಒಂದೊಂದು ಮಾಡಿಕೊಂಡಿದ್ದರು. 'ಬೋಲ್ಟ್', 'ಬೋಲ್ಟ್ ನ್ಯೂ', 'ಬೋಲ್ಟ್ ನ್ಯೂ ಫೈನಲ್', 'ಸೀನು ಬೋಲ್ಟ್'.

"ಸೀನು ಯಾರ್ರೀ ಮೇಡಂ?"

"ಹೋದ್ವರ್ಷ ಇದ್ದ. ಕೆಲಸ ಬಿಟ್ಟ, ಬೋಲ್ಟ್ ಬಿಟ್ಟು ಹೋದ. ಇದರ ತಲೆ ನೋಡಿ, ಯಾವ ಸ್ಪ್ಯಾನರ್‌ಗೂ ಸಿಗಲ್ಲ. ತಲೆಹರಟೆ ಬೋಲ್ಟು."

ಯಂತ್ರಕ್ಕೆ ಬೇಕಾದ ಸಾಮಾನುಗಳ ಯಾದಿ ತೆಗೆದಾಗ ಕಂಪ್ಯೂಟರ್ ಇವನ್ನು ಹದಿನೇಳು ಬೇರೆ ಬೇರೆ ವಸ್ತುಗಳೆಂದು ತೋರಿಸುತ್ತಿತ್ತು. ಬೊಮ್ಮನಹಳ್ಳಿಯ ಶೆಡ್ಡಿನಲ್ಲಿ ಜೋಡಣೆಯ ಹಿರಿಯ ಫಿಟ್ಟರು ತಿಮ್ಮರಾಯಪ್ಪ. ಬೇಗೂರಿನವರು, ಮನೆಯಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿಸಿದ್ದರೂ ಸ್ಪ್ಯಾನರು ಬಿಟ್ಟಿರಲಿಲ್ಲ. ಬೋಲ್ಟು ಕಡಿಮೆ ಬಿದ್ದಾಗಲೆಲ್ಲ ಆಫೀಸಿಗೆ ಫೋನ್ ಮಾಡಿ ರೇಗಿಸುವುದು ಅವರ ಅಭ್ಯಾಸ. "ಬೋಲ್ಟ್ ಇಲ್ಲ, ನಿಮ್ಮ ಕಂಪ್ಯೂಟರ್‌ನೇ ಕಳ್ಸಿ ಸಾಮಿ, ತೂತಿಗೆ ಅದನ್ನೇ ತುರುಕ್ತೀನಿ."

ಸರ್ವಮಂಗಳಾ ಈ ಬಾರಿ ತಾವೇ ಅವರಿಗೆ ಫೋನ್ ಮಾಡಿದರು. ಶೆಡ್ಡಿನ ಕಪಾಟಿನಲ್ಲಿ ಯಾವ ಯಾವ ಉದ್ದದ ಬೋಲ್ಟುಗಳಿವೆ, ಅಂಗಡಿಯಲ್ಲಿ ಯಾವುದು ಸಿಗುತ್ತದೆ ಎಂದು ಒಂದೊಂದಾಗಿ ಕೇಳಿದರು.

"ಮೂವತ್ತೆರಡು ಉದ್ದ ಅಂತ ಒಂದಿದೆ ಇಲ್ಲಿ, ತಿಮ್ಮರಾಯಪ್ಪನವರೇ."

"ಅದು ನಿಮ್ಮ ಕಂಪ್ಯೂಟರಲ್ಲಿ ಮಾತ್ರ ಐತೆ ಕಣಮ್ಮ. ಮೂವತ್ತು ಕೇಳಿ ಕೊಡ್ತೀನಿ, ಮೂವತ್ತೈದು ಕೇಳಿ ಕೊಡ್ತೀನಿ. ಮೂವತ್ತೆರಡು ಬೇಕು ಅಂದ್ರೆ ನಾನೇ ಕೂತ್ಕೊಂಡು ಹೆರಿಬೇಕು."

ಹೀಗೆ ಆರು ವಾರದಲ್ಲಿ ಅವರು ಒಂದು ಫೋಲ್ಡರು ಸಿದ್ಧ ಮಾಡಿದರು. ಒಂದೊಂದು ಬಗೆಯ ಬೋಲ್ಟಿಗೆ ಒಂದೇ ಫೈಲು, ಅದರೊಳಗೆ ಅಳತೆಗಳ ಕೋಷ್ಟಕ. ಅಂಗಡಿಯಲ್ಲಿ ಸಿಗದ ಉದ್ದ ಅದರಲ್ಲಿ ಇರಲೇ ಇಲ್ಲ, ಹಾಗಾಗಿ ಬೇಕೆಂದರೂ ಯಾರೂ ಹಾಕುವಂತಿರಲಿಲ್ಲ. ತಿರುಗಿಸದೆ, ಮೂರು ನೋಟದ ಕೀಲಿಗಳನ್ನೇ ಒತ್ತುತ್ತ ಬೋಲ್ಟು ಹಾಕುವುದನ್ನು ಅವರೇ ಕಂಡುಕೊಂಡರು. ರಂಧ್ರಗಳ ಸಾಲಿಗೆ ಒಂದು ಬೋಲ್ಟು ಹಾಕಿದರೆ ಉಳಿದವು ಸಾಲು ಹಿಡಿದು ತಾವಾಗಿ ಬರುವ ಉಪಾಯವನ್ನು ನಾನು ತೋರಿಸಿದ ದಿನ, "ಇಷ್ಟು ದಿನ ಯಾಕ್ರೀ ಬಚ್ಚಿಟ್ಟಿದ್ರಿ?" ಎಂದು ನನ್ನನ್ನೇ ಬೈದರು. ಆ ದಿನದಿಂದ ನಾನು ಅವರನ್ನು ಅಕ್ಕಾರ ಅನ್ನತೊಡಗಿದೆ. ಅವರು ಬೇಡ ಅನ್ನಲಿಲ್ಲ.

ಚಕ್ರಪಾಣಿಯವರಿಗೆ ಮಾತ್ರ ಇದು ಕೆಲಸವೆಂದು ಅನ್ನಿಸಿರಲಿಲ್ಲ. "ಚೆನ್ನಾಗಿದೆ, ಆದ್ರೆ ಬೋಲ್ಟಿಗೋಸ್ಕರ ಒಬ್ರಾ?" ಎಂದರು.

ಅಕ್ಟೋಬರಿನಲ್ಲಿ ಉಪ್ಪಿನಕಾಯಿ ಬಾಟಲಿಗೆ ಮುಚ್ಚಳ ಹಾಕುವ ಯಂತ್ರ ಬಂತು. ಉಪ್ಪು, ಹುಳಿ ತಾಗುವುದರಿಂದ ಬೋಲ್ಟುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕಿತ್ತು. ಅಷ್ಟು ಸಂಖ್ಯೆಯಲ್ಲಿ ಅವು ಯಾವ ಅಂಗಡಿಯಲ್ಲೂ ಕೂಡಲೇ ಸಿಗುವುದಿಲ್ಲ, ವಾರ ಮೊದಲೇ ಯಾದಿ ಕಳಿಸಬೇಕು. ಹಿಂದಿನ ಯಂತ್ರ ಬೋಲ್ಟಿಲ್ಲದೆ ಮೂರು ದಿನ ನಿಂತಿತ್ತು. ಈ ಸಲ ಗಿರಾಕಿಯ ಕಡೆಯವರು ತಪಾಸಣೆಗೆ ಬರುವ ದಿನ ನಿಗದಿಯಾಗಿತ್ತು. "ಯಾದಿ ನೀವೇ ಕೊಡಿ ಮೇಡಂ" ಎಂದರು ಚಕ್ರಪಾಣಿ. "ಶೆಡ್ಡು ಒಂದು ಬೋಲ್ಟಿಗೂ ನಿಲ್ಲಬಾರದು. ನಿಂತ್ರೆ ಮತ್ತೆ ನಾನು ಯೋಚನೆ ಮಾಡ್ಬೇಕಾಗುತ್ತೆ." ಟೆಲಿಫೋನಿನ ಕುರ್ಚಿಯ ಮಾತು ಅದು ಎಂದು ನಮಗೆ ಅರ್ಥವಾಯಿತು.

ಯಂತ್ರದ ಎಲ್ಲ ಭಾಗಗಳನ್ನು ಒಂದುಗೂಡಿಸುವ ಕೆಲಸ ನನ್ನದು. ಬೋಲ್ಟುಗಳೆಲ್ಲ ಬಂದು ಕೂತ ಮೇಲೆ ನನ್ನ ಕಂಪ್ಯೂಟರು ಏದುಸಿರು ಬಿಡತೊಡಗಿತು. ಒಂದು ಸಲ ಮೌಸ್ ಒತ್ತಿ ಟೀ ಕುಡಿದು ಬರಬಹುದಿತ್ತು. ಸೋಮವಾರ ಮಧ್ಯಾಹ್ನ ಬೇಸತ್ತು, ಬಾಟಲಿಗಳು ಸಾಗಿಬರುವ ಪಟ್ಟೆಯ ಭಾಗದಲ್ಲಿದ್ದ ಬೋಲ್ಟುಗಳನ್ನು ಸಪ್ರೆಸ್ ಮಾಡಿದೆ. ಅಂದರೆ, ಸದ್ಯಕ್ಕೆ ಅವು ಇಲ್ಲವೆಂದು ತಿಳಿ ಎಂದು ಕಂಪ್ಯೂಟರಿಗೆ ಹೇಳುವುದು. ಅವು ಪರದೆಯಿಂದಲೂ ಹೋಗುತ್ತವೆ, ಯಾದಿಯಿಂದಲೂ ಹೋಗುತ್ತವೆ. ಕೆಲಸ ಮುಗಿದ ಮೇಲೆ ವಾಪಸ್ಸು ತರಬೇಕು. ನಾನು ಕೆಲಸ ಮುಗಿಸಿ, ಫೈಲು ಉಳಿಸಿ, ಮನೆಗೆ ಹೋದೆ.

ಮಂಗಳವಾರ ಹನ್ನೆರಡು ಗಂಟೆಗೆ ಯಾದಿಯನ್ನು ಬೋಲ್ಟು ಮಾರುವ ಡೀಲರಿಗೆ ಫ್ಯಾಕ್ಸ್ ಮಾಡಬೇಕಿತ್ತು. ಸರ್ವಮಂಗಳಾ ಕಂಪ್ಯೂಟರಿನಿಂದ ಯಾದಿ ತೆಗೆದರು: ಒಟ್ಟು ಆರುನೂರ ಎಂಬತ್ತನಾಲ್ಕು. ಆದರೆ ಅವರು ಅದಕ್ಕೂ ಮೊದಲೇ, ಪ್ರತಿ ಭಾಗದ ನಕ್ಷೆಯನ್ನು ಮುದ್ರಿಸಿಕೊಂಡು, ತಮ್ಮ ಹಳೆಯ ಪದ್ಧತಿಯಂತೆ ರಂಧ್ರಗಳನ್ನು ಎಣಿಸಿಟ್ಟಿದ್ದರು. ಒಂದು ಬೋಲ್ಟು ಎರಡು ತಗಡುಗಳ ಮೂಲಕ ಹೋಗುವುದರಿಂದ, ತಲೆ ಕೂರುವ ಕಡೆಯ ರಂಧ್ರವನ್ನು ಮಾತ್ರ ಎಣಿಸಬೇಕು. ವೈರು ಹೋಗುವ ರಂಧ್ರಕ್ಕೆ, ಪಿನ್ನು ಕೂರುವ ರಂಧ್ರಕ್ಕೆ ಕೆಂಪು ಕತ್ತರಿ ಗುರುತು. ಅವರ ಎಣಿಕೆ ಏಳುನೂರ ಎಪ್ಪತ್ತೆರಡು.

ಚಕ್ರಪಾಣಿ ಹನ್ನೊಂದೂವರೆಗೆ ಬಂದರು. "ಯಾದಿ ಕೊಡಿ ಮೇಡಂ."

"ಇನ್ನೂ ಆಗಿಲ್ಲ ಸಾರ್. ಎಂಬತ್ತೆಂಟು ವ್ಯತ್ಯಾಸ ಬರ್ತಿದೆ."

"ಯಾವುದಕ್ಕೂ ಯಾವುದಕ್ಕೂ?"

"ನಾನು ಎಣಿಸಿದ್ದಕ್ಕೂ ಕಂಪ್ಯೂಟರ್‌ಗೂ."

ಅವರು ನಕ್ಕರು. "ಏನ್ ಮೇಡಂ, ಕಂಪ್ಯೂಟರ್‌ಗೆ ಎಣಿಸೋಕೆ ಬರಲ್ವಾ? ನೀವು ಎಲ್ಲೋ ಎರಡು ಸಲ ಎಣಿಸಿರ್ತೀರಿ. ಕಳಿಸ್ಬಿಡಿ."

ಸರ್ವಮಂಗಳಾ ತಮ್ಮ ಹಾಳೆಗಳನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಕಳಿಸಿದರೆ ಯಜಮಾನರ ಮಾತಿನಂತೆ ನಡೆದ ಹಾಗಾಗುತ್ತಿತ್ತು, ಯಾರೂ ತಪ್ಪು ಹೊರಿಸುತ್ತಿರಲಿಲ್ಲ. ತಡೆದು, ಆಮೇಲೆ ತಮ್ಮ ಎಣಿಕೆಯೇ ತಪ್ಪೆಂದಾದರೆ ದೀಪಾವಳಿಯವರೆಗೆ ಕಾಯುವ ಅಗತ್ಯವೂ ಇರುತ್ತಿರಲಿಲ್ಲ.

"ಕಂಪ್ಯೂಟರ್ ಎಣಿಸಿದ್ದು ಸರಿಯೇ ಇರುತ್ತೆ ಸಾರ್" ಎಂದರು ನಿಧಾನವಾಗಿ. "ಎಲ್ಲಾ ಬೋಲ್ಟೂ ಅದರ ಕಣ್ಣಿಗೆ ಬಿತ್ತಾ ಅಂತ ನನಗೆ ಗೊತ್ತಿಲ್ಲ. ಒಂದು ಗಂಟೆ ಕೊಡಿ. ಹಾಳೆ ಹಾಳೆ ನೋಡಿ ಹೇಳ್ತೀನಿ."

ಚಕ್ರಪಾಣಿ ಗಡಿಯಾರ ನೋಡಿದರು. ಡೀಲರಿಗೆ ಫೋನ್ ಮಾಡಿ ಒಂದು ಗಂಟೆ ಕೇಳುತ್ತೇನೆ, ಅದರ ಮೇಲೆ ಒಂದು ನಿಮಿಷವೂ ಇಲ್ಲ ಎಂದು ತಮ್ಮ ಕೋಣೆಗೆ ಹೋದರು. ನಾನು ಸರ್ವಮಂಗಳಾ ಅವರ ಪಕ್ಕ ಕೂತೆ. ಅವರು ಒಂದೊಂದು ಭಾಗದ ಹೆಸರು ಹೇಳಿ ತಮ್ಮ ಎಣಿಕೆ ಓದುವುದು, ನಾನು ಅದೇ ಭಾಗದ ಯಾದಿಯನ್ನು ಕಂಪ್ಯೂಟರಿನಿಂದ ತೆಗೆದು ಓದುವುದು.

"ಬುಡದ ಚೌಕಟ್ಟು, ನೂರ ನಲವತ್ತು."

"ನೂರ ನಲವತ್ತು ಅದಾವ್ರಿ."

"ಮುಚ್ಚಳದ ಬುಟ್ಟಿ, ಅರವತ್ತೆರಡು."

"ಅರವತ್ತೆರಡು."

ಹೀಗೆ ಒಂಬತ್ತು ಭಾಗ ಸರಿಹೋದವು. ಪ್ರತಿ ಬಾರಿ ಸರಿ ಎಂದಾಗ ಅವರ ಮುಖ ಇನ್ನಷ್ಟು ಇಳಿಯುತ್ತಿತ್ತು. ಎಲ್ಲವೂ ಸರಿಯಾದರೆ ಅವರ ಮೊತ್ತವೇ ತಪ್ಪೆಂದು ಅರ್ಥ.

"ಸಾಗಣೆ ಪಟ್ಟೆ. ಎಂಬತ್ತೆಂಟು."

ನಾನು ಯಾದಿ ತೆಗೆದೆ. ಅದರಲ್ಲಿ ಒಂದೂ ಇರಲಿಲ್ಲ. ಸೋಮವಾರ ಮಧ್ಯಾಹ್ನದ ನೆನಪು ಬಂತು.

"ಅಕ್ಕಾರ, ಇಲ್ಲಿ ಸೊನ್ನಿ ಐತ್ರಿ. ಅದು ನಾನ ಮಾಡೀನ್ರಿ. ನಿನ್ನೆ ಕಂಪ್ಯೂಟರ್ ಭಾರ ಆತಂತ ಸಪ್ರೆಸ್ ಮಾಡಿ, ವಾಪಸ್ ತರೂದು ಮರ್ತೀನಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಕಾದೆ. ಅವರು ಕುರ್ಚಿಗೆ ಒರಗಿದರು.

"ಸದ್ಯ" ಅಂದರು. "ನನ್ನ ಎಣಿಕೆ ಸರಿ ಇತ್ತಲ್ಲ."

"ನನ್ನ ತಪ್ಪಿಗೆ ನೀವು ಸಿಕ್ಕೊಂಡಿದ್ರಿ ಅಕ್ಕಾರ."

"ಮತ್ತೆ ಈ ಕೂಡ್ಲೇ ಹೋಗಿ ಸಾರ್‌ಗೂ ನೀವೇ ಹೇಳಿ. ನಾನು ಹೇಳಿದ್ರೆ ಚಾಡಿ ಆಗುತ್ತೆ."

ಹೋಗಿ ಹೇಳಿದೆ. ಚಕ್ರಪಾಣಿ ನನ್ನನ್ನು ಎರಡು ನಿಮಿಷ ಬೈದರು, ಅದು ನನಗೆ ಸಲ್ಲಬೇಕಾದದ್ದೇ. ಆಮೇಲೆ ಎದ್ದು ಬಂದು, ಕೆಂಪು ಚುಕ್ಕೆಗಳಿದ್ದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ಈ ಕತ್ತರಿ ಗುರುತು ಏನು?" ಎಂದು ಕೇಳಿದರು. ಸರ್ವಮಂಗಳಾ ವಿವರಿಸಿದರು. ಚಕ್ರಪಾಣಿ ಕೇಳಿಸಿಕೊಂಡು "ಹೂಂ" ಎಂದರು. ನಾನು ಬೋಲ್ಟುಗಳನ್ನು ವಾಪಸ್ಸು ತಂದೆ, ಹೊಸ ಯಾದಿಯಲ್ಲಿ ಏಳುನೂರ ಎಪ್ಪತ್ತೆರಡೇ ಬಂತು, ಅದರ ಕೆಳಗೆ ಸರ್ವಮಂಗಳಾ ಕೈಯಲ್ಲೇ ಒಂದು ಸಾಲು ಸೇರಿಸಿದ ಮೇಲೆ ಹನ್ನೆರಡೂಮುಕ್ಕಾಲಕ್ಕೆ ಫ್ಯಾಕ್ಸ್ ಹೋಯಿತು.

ಬೋಲ್ಟುಗಳು ಮುಂದಿನ ವಾರ ಶೆಡ್ಡಿಗೆ ಬಂದವು. ಜೋಡಣೆ ಶುರುವಾದ ದಿನದಿಂದ ಸರ್ವಮಂಗಳಾ ಫೋನಿನ ಸದ್ದಿಗೆ ಕಿವಿಗೊಟ್ಟು ಕೂತರು. ಮೊದಲ ದಿನ ತಿಮ್ಮರಾಯಪ್ಪನ ಫೋನು ಬರಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಮಧ್ಯಾಹ್ನ ಅವರು ಕೆಳಗೆ ಹೋಗಿ ರಿಸೀವರ್ ಎತ್ತಿ, ಲೈನು ಕೆಟ್ಟಿಲ್ಲ ತಾನೇ ಎಂದು ನೋಡಿಕೊಂಡು ಬಂದರು. ಕೊನೆಗೆ ತಡೆಯಲಾರದೆ ತಾವೇ ನಂಬರು ಒತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ತಿಮ್ಮರಾಯಪ್ಪನ ಗಂಟಲು ರಿಸೀವರಿನಾಚೆಗೂ ಕೇಳುತ್ತಿತ್ತು.

"ಏನಮ್ಮೋ, ಏನಾಗ್ಬೇಕಿತ್ತು?"

"ಬೋಲ್ಟ್ ಏನಾದ್ರೂ ಕಡಿಮೆ ಬಿತ್ತಾ ಅಂತ."

"ಕಡಿಮೆ ಇಲ್ಲ. ಯಂತ್ರ ನಿನ್ನೇನೇ ಪೂರ್ತಿ ಜೋಡ್ಸಾಯ್ತು. ಅಂದಂಗೆ, ಹದಿನೈದು ಬೋಲ್ಟು ಮಿಕ್ಕವೆ, ಅದು ಯಾಕೆ ಅಂತ ಹೇಳಿ. ತೂತು ಕೊರೆಯೋದು ಮರೆತ್ರಾ?"

"ಕೈ ತಪ್ಪಿ ಬಿದ್ದುಹೋಗ್ತವಲ್ಲ, ಅದಕ್ಕೆ ನಾನೇ ಹೆಚ್ಚಿಗೆ ಬರೆದಿದ್ದೆ."

"ನಂಗೇನು ಕೈ ನಡುಗ್ತದಾ? ಇರ್ಲಿ ಬುಡಿ, ಮುಂದಿನ ಯಂತ್ರಕ್ಕೆ ಆಯ್ತದೆ. ನಿಮ್ಮನ್ನ ಬಯ್ಯೋಕೆ ಏನೂ ಸಿಗ್ತಿಲ್ಲ ಅಂತ ಬೇಜಾರಾಗೈತೆ."

ರಿಸೀವರ್ ಇಟ್ಟು ಅವರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಊಟದ ಡಬ್ಬಿ ಇನ್ನೂ ತೆರೆದಿರಲಿಲ್ಲ. ಅಲ್ಲಿಗೇ ತರಿಸಿಕೊಂಡು, ತಣ್ಣಗಾಗಿದ್ದ ಅವರೇಕಾಳಿನ ಹುಳಿಯನ್ನ ಪೂರ್ತಿ ತಿಂದರು. ನನಗೂ ಮುಚ್ಚಳದಲ್ಲಿ ಹಾಕಿಕೊಟ್ಟರು.

ತಪಾಸಣೆ ಸಲೀಸಾಗಿ ಮುಗಿಯಿತು. ಚಕ್ರಪಾಣಿ ಹೊಗಳುವ ಜಾತಿಯವರಲ್ಲ. ದೀಪಾವಳಿಗೆ ನಾಲ್ಕು ದಿನ ಇರುವಾಗ ಅವರು ನನ್ನನ್ನು ಕರೆದು, ನಕ್ಷೆಯ ಕೆಳಮೂಲೆಯಲ್ಲಿ ಬರೆದವರು, ಪರೀಕ್ಷಿಸಿದವರು, ಒಪ್ಪಿದವರು ಎಂದು ಹೆಸರು ಹಾಕುವ ಚೌಕದಲ್ಲಿ ಇನ್ನೊಂದು ಸಾಲು ಸೇರಿಸಲು ಹೇಳಿದರು: ಬೋಲ್ಟು ಎಣಿಸಿದವರು. ಆ ಸಾಲಿನಲ್ಲಿ ಸಹಿ ಇಲ್ಲದ ಯಾದಿ ಇನ್ನು ಮುಂದೆ ಶೆಡ್ಡಿಗೆ ಹೋಗಬಾರದು ಎಂದರು. ಕೋಣೆಯಿಂದ ಹೊರಗೆ ಬಂದು ಸರ್ವಮಂಗಳಾ ಅವರಿಗೆ ಹೇಳಿದೆ. ಎಷ್ಟು ಎತ್ತರದ ಅಕ್ಷರ ಎಂದು ಕೇಳಿದರು. ಮೂರು ಮಿಲಿಮೀಟರ್ ಎಂದೆ. "ಸಾಕು" ಎಂದರು. ಆ ವಾರ ಕೆಳಗಿನ ಟೆಲಿಫೋನಿಗೆ ಬೇರೆಯವರು ಬಂದರು.

ನಾನು ೨೦೦೬ರಲ್ಲಿ ಬೇರೆ ಕಂಪನಿಗೆ ಹೋದೆ. ಅಲ್ಲಿ ಬೋಲ್ಟುಗಳನ್ನು ತಾನೇ ಹುಡುಕಿ ಹಾಕುವ ತಂತ್ರಾಂಶ ಇತ್ತು. ಆದರೂ ಯಾದಿ ಕಳಿಸುವ ಮೊದಲು ಎದುರು ನೋಟವನ್ನು ಮುದ್ರಿಸಿಕೊಂಡು ರಂಧ್ರಗಳನ್ನು ಎಣಿಸುತ್ತೇನೆ, ಸಹೋದ್ಯೋಗಿಗಳು ನಗುತ್ತಾರೆ. ಕಳೆದ ತಿಂಗಳು ಹಳೆಯ ಆಫೀಸಿಗೆ ಹೋಗಿಬಂದೆ. ಅದು ಈಗ ಬನಶಂಕರಿ ಎರಡನೇ ಹಂತದಲ್ಲಿದೆ, ಎರಡು ಮಹಡಿ ಆಗಿದೆ. ಸರ್ವಮಂಗಳಾ ಅಕ್ಕಾರಿಗೆ ಐವತ್ತು ಆಗಿದೆ. ಮಾದರಿ ತಿರುಗಿಸಿದರೆ ಅವರಿಗೆ ಈಗಲೂ ತಲೆಸುತ್ತು ಬರುತ್ತದೆ, ಹಾಗಾಗಿ ತಿರುಗಿಸುವುದಿಲ್ಲ. ಅವರು ಆ ಆಫೀಸಿನ ಬೋಲ್ಟು, ನಟ್ಟು, ವಾಷರುಗಳ ಸಂಗ್ರಹವನ್ನು ನೋಡಿಕೊಳ್ಳುತ್ತಾರೆ, ಹೊಸದಾಗಿ ಸೇರಿದ ಇಂಜಿನಿಯರುಗಳಿಗೆ ಅದನ್ನು ಬಳಸುವುದು ಹೇಗೆಂದು ಮೊದಲ ವಾರ ಕಲಿಸುತ್ತಾರೆ, ಮತ್ತು ಶೆಡ್ಡಿಗೆ ಹೋಗುವ ಪ್ರತಿ ಯಾದಿಗೂ ಸಹಿ ಹಾಕುತ್ತಾರೆ.